ಮೊಲ, ಬಾತು, ಹಂದಿ ಮತ್ತು ಮೆಲ್ ಬ್ಲ್ಯಾಂಕ್

ಎರಡು ಸಂಚಿಕೆಗಳ ಹಿಂದೆ ಓದುಗರೊಬ್ಬರು, ಕಾರ್ಟೂನ್ ಚಿತ್ರಗಳಲ್ಲಿ ಕ್ಯಾರೆಟ್ ಕಡಿಯುತ್ತಾ ಮಾತನಾಡುವ ಬಗ್ಸ್ ಬನ್ನಿ ಎಂಬ ಮೊಲಕ್ಕೆ ದನಿ ಕೊಟ್ಟವರು ಯಾರೆಂದು ಕೇಳಿದ್ದರು. ಅಮೆರಿಕದ ಹಾಸ್ಯನಟ ಮೆಲ್ ಬ್ಲ್ಯಾಂಕ್ (1908–1989) ಎಂದು ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ. ಆ ನಾಲ್ಕು ಸಾಲು ಯಾರಿಗೂ ಸಾಲಲಿಲ್ಲವೆಂದು ಆಮೇಲೆ ಬಂದ ಪತ್ರಗಳಿಂದ ತಿಳಿಯಿತು. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಬಗ್ಸ್ ಬನ್ನಿ, ಡ್ಯಾಫಿ ಡಕ್, ಪೋರ್ಕಿ ಪಿಗ್, ಟ್ವೀಟಿ, ಸಿಲ್ವೆಸ್ಟರ್ ಈ ಐದಕ್ಕೂ ಒಬ್ಬರದೇ ದನಿ ಎಂದರೆ ನಂಬುವುದು ಹೇಗೆ? ‘ಸಾವಿರ ದನಿಗಳ ಮನುಷ್ಯ’ ಎಂಬುದು ಪ್ರಚಾರದ ಮಾತಲ್ಲವೇ? (ಧಾರವಾಡದಿಂದ)

ಉತ್ತರ: ಮೊಲ, ಬಾತು, ಹಂದಿ, ಟ್ವೀಟಿ ಎಂಬ ಪುಟ್ಟ ಹಕ್ಕಿ, ಸಿಲ್ವೆಸ್ಟರ್ ಎಂಬ ಬೆಕ್ಕು, ಐದೂ ಅವರವೇ, ಅನುಮಾನ ಬೇಡ. ಅವುಗಳ ಜೊತೆಗೆ ಯೊಸೆಮಿಟಿ ಸ್ಯಾಮ್, ಫಾಗ್‌ಹಾರ್ನ್ ಲೆಗ್‌ಹಾರ್ನ್ ಎಂಬ ಹುಂಜ, ಮಂಗಳ ಗ್ರಹದ ಮಾರ್ವಿನ್, ‘ಫ್ಲಿಂಟ್‌ಸ್ಟೋನ್ಸ್’ ಸರಣಿಯ ಬಾರ್ನಿ ರಬಲ್ ಮತ್ತು ಫ್ಲಿಂಟ್‌ಸ್ಟೋನ್ ಮನೆಯ ಸಾಕುಪ್ರಾಣಿ ಡೈನೊ, ‘ಜೆಟ್ಸನ್ಸ್’ ಸರಣಿಯ ಸಿಡುಕು ಯಜಮಾನ ಸ್ಪೇಸ್‌ಲಿ ಕೂಡ ಅವರ ಗಂಟಲಿನಿಂದಲೇ ಬಂದವರು. ಸಾವಿರ ಎಂಬುದು ಮಾತ್ರ ನೀವು ಹೇಳಿದಂತೆ ಪ್ರಚಾರದ ಲೆಕ್ಕ. ಅವರೇ ಹೇಳಿಕೊಂಡ ಅಂದಾಜು ನಾನೂರರ ಆಸುಪಾಸಿನದು, ಅದೂ ಕಡಿಮೆಯೇನಲ್ಲ.

ಆದರೆ ಎಲ್ಲವೂ ಅವರದಲ್ಲ ಎಂಬುದನ್ನೂ ಹೇಳಬೇಕು. ಮೊಲವನ್ನು ಬೇಟೆಯಾಡಲು ಬಂದು ಸದಾ ಸೋಲುವ ಎಲ್ಮರ್ ಫಡ್‌ಗೆ ಬಹುಕಾಲ ದನಿ ಕೊಟ್ಟವರು ಆರ್ಥರ್ ಕ್ಯೂ. ಬ್ರಯನ್. ರೋಡ್ ರನ್ನರ್ ಹಕ್ಕಿಯ ‘ಬೀಪ್ ಬೀಪ್’ ಪಾಲ್ ಜೂಲಿಯನ್ ಎಂಬ ಹಿನ್ನೆಲೆ ಚಿತ್ರಕಾರರದು. ಟ್ವೀಟಿಯನ್ನು ಸಾಕಿದ ಅಜ್ಜಿಗೆ ಮೊದಲು ಬಿಯಾ ಬೆನಡೆರೆಟ್, ಆಮೇಲೆ ಜೂನ್ ಫೊರೇ ದನಿಯಾದರು. ಇವರೆಲ್ಲರ ಶ್ರಮವೂ ಜನರ ನೆನಪಿನಲ್ಲಿ ಬ್ಲ್ಯಾಂಕ್ ಖಾತೆಗೆ ಜಮೆಯಾಗಿರುವುದಕ್ಕೆ ಒಂದು ಕಾರಣವಿದೆ. 1940ರ ದಶಕದ ಮೊದಲ ಭಾಗದಲ್ಲಿ ಬ್ಲ್ಯಾಂಕ್ ಸಂಬಳ ಹೆಚ್ಚಿಸುವಂತೆ ನಿರ್ಮಾಪಕ ಲಿಯೊನ್ ಷ್ಲೆಸಿಂಗರ್ ಅವರನ್ನು ಕೇಳಿದರು. ದುಡ್ಡು ಬಿಚ್ಚಲು ಒಪ್ಪದ ನಿರ್ಮಾಪಕರು ಅದರ ಬದಲಿಗೆ ತೆರೆಯ ಮೇಲೆ ಹೆಸರು ಹಾಕಲು ಒಪ್ಪಿದರು. ಕಾರ್ಟೂನಿನಲ್ಲಿ ದನಿ ಕೊಟ್ಟವರ ಹೆಸರು ಹಾಕುವ ರೂಢಿಯೇ ಇಲ್ಲದ ಕಾಲವದು. ಉಳಿದವರ ಹೆಸರು ಆಮೇಲೂ ಬಹಳ ವರ್ಷ ಬರಲಿಲ್ಲ. ಪರದೆಯ ಮೇಲೆ ಒಂದೇ ಹೆಸರು ಕಂಡವರು ಒಳಗೆ ಇರುವುದೂ ಒಬ್ಬನೇ ಎಂದುಕೊಂಡರೆ ತಪ್ಪೇನಿದೆ? ಅಂದು ದಕ್ಕದ ಸಂಬಳಕ್ಕಿಂತ ಈ ಹೆಸರೇ ಹೆಚ್ಚು ಫಲ ಕೊಟ್ಟಿತು. ರೇಡಿಯೋದವರು ಅವರನ್ನು ಹುಡುಕಿಕೊಂಡು ಬರತೊಡಗಿದರು.

ಪ್ರಶ್ನೆ: ಕಾರ್ಟೂನಿಗೆ ಬರುವ ಮೊದಲು ಅವರು ಏನು ಮಾಡುತ್ತಿದ್ದರು? (ಮೈಸೂರಿನಿಂದ)

ಉತ್ತರ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ, ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಬೆಳೆದ ಹುಡುಗ. ಶಾಲೆಯಲ್ಲಿ ಶಿಕ್ಷಕಿಯೊಬ್ಬರು, ನಿನ್ನ ಮನೆತನದ ಹೆಸರಿನಂತೆ ನೀನೂ ಬರೀ ಖಾಲಿ ಎಂದು ಜರೆದರಂತೆ. ‘ಬ್ಲ್ಯಾಂಕ್’ ಎಂದರೆ ಖಾಲಿ ತಾನೇ. ಹದಿನಾರನೆಯ ವಯಸ್ಸಿನಲ್ಲಿ ಹುಡುಗ ಹೆಸರಿನ ಕೊನೆಯ ‘ಕೆ’ ಅಕ್ಷರವನ್ನು ‘ಸಿ’ ಮಾಡಿಕೊಂಡ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿ, ಆ ಸಿಟ್ಟು ಕಾಣದೇ ಹೋಗುತ್ತದೆ.

1927ರಲ್ಲಿ ಪೋರ್ಟ್‌ಲ್ಯಾಂಡಿನ ಕೆಜಿಡಬ್ಲ್ಯು ಕೇಂದ್ರದ ‘ಹೂಟ್ ಔಲ್ಸ್’ ಕಾರ್ಯಕ್ರಮದಲ್ಲಿ ಅವರು ಮೊದಲು ರೇಡಿಯೋ ಮೈಕಿನ ಮುಂದೆ ನಿಂತರು. ವಾದ್ಯವೃಂದಗಳಲ್ಲಿ ಟ್ಯೂಬಾ, ಪಿಟೀಲು ನುಡಿಸಿದ್ದೂ ಉಂಟು. ನಿಜವಾದ ಗರಡಿ ಸಿಕ್ಕಿದ್ದು 1933ರಲ್ಲಿ, ಅದೇ ಊರಿನ ಕೆಇಎಕ್ಸ್ ಕೇಂದ್ರದಲ್ಲಿ. ಹೊಸದಾಗಿ ಮದುವೆಯಾಗಿದ್ದ ಹೆಂಡತಿ ಎಸ್ಟೆಲ್ ಜೊತೆ ಸೇರಿ ಅಲ್ಲಿ ಹಾಸ್ಯ ಕಾರ್ಯಕ್ರಮವೊಂದನ್ನು ನಡೆಸುವ ಕೆಲಸ ಸಿಕ್ಕಿತು. ಬೇರೆ ನಟರನ್ನು ಕರೆಸಲು ಕೇಂದ್ರದವರು ಹಣ ಕೊಡಲು ತಯಾರಿರಲಿಲ್ಲ. ಹೀಗಾಗಿ ಬರೆಯುವುದೂ ತಾವೇ, ಬರೆದ ಪಾತ್ರಗಳನ್ನೆಲ್ಲ ಆಡುವುದೂ ತಾವೇ ಆಯಿತು. ಬಾಗಿಲು ತಟ್ಟುವವನು, ತೆರೆಯುವವನು, ಒಳಗಿನಿಂದ ಯಾರದು ಎಂದು ಕೂಗುವ ಮುದುಕ, ಮೂವರೂ ಒಬ್ಬರೇ ಆಗಬೇಕಾದ ದಿನಗಳವು. ಅಲ್ಲಿನ ಜಿಪುಣತನಕ್ಕೆ ಮುಂದೆ ಕಾರ್ಟೂನು ನೋಡಿದ ಮಕ್ಕಳೆಲ್ಲ ಋಣಿಗಳಾಗಿರಬೇಕು.

1935ರಲ್ಲಿ ಅವರು ಲಾಸ್ ಏಂಜಲೀಸ್‌ಗೆ ಬಂದರು. ವಾರ್ನರ್ ಸಂಸ್ಥೆಗೆ ಕಾರ್ಟೂನು ಮಾಡಿಕೊಡುತ್ತಿದ್ದ ಷ್ಲೆಸಿಂಗರ್ ಸ್ಟುಡಿಯೋದ ಬಾಗಿಲಿಗೆ ಮತ್ತೆಮತ್ತೆ ಹೋದರು. ನಮ್ಮಲ್ಲಿ ಬೇಕಾದಷ್ಟು ದನಿಗಳಿವೆ ಎಂಬ ಒಂದೇ ಉತ್ತರ ಪ್ರತಿ ಬಾರಿಯೂ ಸಿಗುತ್ತಿತ್ತು. ಕೊನೆಗೆ ಶಬ್ದ ಸಂಕಲನಕಾರ ಟ್ರೆಗ್ ಬ್ರೌನ್ ಅವರ ದನಿ ಕೇಳಲು ಒಪ್ಪಿದರು. ಮೊದಲು ಸಿಕ್ಕ ಪಾತ್ರ ಕುಡಿದ ಗೂಳಿಯದು. ಅದಾಗಿ ಕೆಲವೇ ತಿಂಗಳಲ್ಲಿ, 1937ರ ‘ಪೋರ್ಕೀಸ್ ಡಕ್ ಹಂಟ್’ ಚಿತ್ರದಲ್ಲಿ, ಪೋರ್ಕಿ ಎಂಬ ಹಂದಿ ಮತ್ತು ಹೊಸದಾಗಿ ಹುಟ್ಟಿದ ಡ್ಯಾಫಿ ಎಂಬ ಬಾತು ಇಬ್ಬರೂ ಅವರ ಪಾಲಿಗೆ ಬಂದರು.

ಪ್ರಶ್ನೆ: ನಮ್ಮಲ್ಲಿಯೂ ಮಿಮಿಕ್ರಿ ಕಲಾವಿದರಿದ್ದಾರೆ. ಒಂದೇ ಉಸಿರಿನಲ್ಲಿ ಹತ್ತು ನಟರ ದನಿ ತೆಗೆಯುತ್ತಾರೆ. ಮೆಲ್ ಬ್ಲ್ಯಾಂಕ್ ಮಾಡಿದ್ದು ಅದಕ್ಕಿಂತ ಬೇರೆಯೇ? (ಕುಂದಾಪುರದಿಂದ)

ಉತ್ತರ: ಬೇರೆ. ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಬ್ಲ್ಯಾಂಕ್ ಕುರಿತ ಹೊಗಳಿಕೆಯೆಲ್ಲ ಸಾಮಾನ್ಯವಾಗಿ ಅವರ ಗಂಟಲಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಮಿಮಿಕ್ರಿಯಲ್ಲಿ ಮೂಲವೊಂದು ಮೊದಲೇ ಇರುತ್ತದೆ. ಕೇಳುವವರು ಅದನ್ನು ಬಲ್ಲರು. ನಕಲು ಮೂಲಕ್ಕೆ ಎಷ್ಟು ಹತ್ತಿರ ಎಂಬುದರ ಮೇಲೆ ಚಪ್ಪಾಳೆ ನಿಂತಿದೆ. ಬ್ಲ್ಯಾಂಕ್ ಕೈಗೆ ಸಿಕ್ಕದ್ದು ಕಾಗದದ ಮೇಲಿನ ಒಂದು ಚಿತ್ರ ಮತ್ತು ಕೆಲವು ಸಾಲು ಮಾತು, ಅಷ್ಟೇ. ಮೊಲ ಹೇಗೆ ಮಾತನಾಡುತ್ತದೆಂದು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಈ ಮೊಲ ಯಾರಿಗೂ ಜಗ್ಗದ ಚಾಲಾಕಿ ಎಂದು ತಿಳಿದ ಮೇಲೆ, ಅಂಥ ಮನುಷ್ಯ ಅಮೆರಿಕದಲ್ಲಿ ಎಲ್ಲಿಯವನಿರಬಹುದೆಂದು ಯೋಚಿಸಿ, ನ್ಯೂಯಾರ್ಕಿನ ಬ್ರೂಕ್ಲಿನ್ ಮತ್ತು ಬ್ರಾಂಕ್ಸ್ ಬಡಾವಣೆಗಳ ಉಚ್ಚಾರಣೆಯನ್ನು ಬೆರೆಸಿದೆ ಎಂದು ಅವರು ಹೇಳುತ್ತಿದ್ದರು. ನಮ್ಮಲ್ಲಿ ಒಬ್ಬನ ಮಾತು ಕೇಳಿದ ಕೂಡಲೇ ಇವನು ಮಂಡ್ಯದವನು, ಇವನು ಹುಬ್ಬಳ್ಳಿಯವನು ಎಂದು ತಿಳಿದುಬಿಡುವುದಿಲ್ಲವೇ? ಆ ದೇಶದವರಿಗೂ ಹಾಗೆಯೇ, ಮೊಲ ಬಾಯಿ ತೆರೆದ ಕ್ಷಣವೇ ಅದರ ಊರು, ಕೇರಿ, ಸೊಕ್ಕು ಎಲ್ಲವೂ ತಿಳಿಯುತ್ತಿತ್ತು.

ಪೋರ್ಕಿಯ ತೊದಲು ಇನ್ನೂ ಒಳ್ಳೆಯ ಉದಾಹರಣೆ. ಆ ಪಾತ್ರಕ್ಕೆ ಮೊದಲು ದನಿ ಕೊಡುತ್ತಿದ್ದ ಜೋ ಡೌಹರ್ಟಿ ಅವರಿಗೆ ನಿಜವಾಗಿಯೂ ತೊದಲುವಿಕೆ ಇತ್ತು. ಅದು ಅವರ ಹಿಡಿತದಲ್ಲಿ ಇರಲಿಲ್ಲವಾದ್ದರಿಂದ ಧ್ವನಿಮುದ್ರಣ ಎಳೆದಾಡುತ್ತಿತ್ತು. ಬ್ಲ್ಯಾಂಕ್ ಆ ತೊದಲನ್ನು ಹಾಸ್ಯದ ಯಂತ್ರವಾಗಿ ಮಾರ್ಪಡಿಸಿದರು. ಅವರ ಪೋರ್ಕಿ ಒಂದು ಶಬ್ದದ ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡು, ನಾಲ್ಕೈದು ಸಲ ಗುದ್ದಾಡಿ, ಆಗದೆಂದು ಕೈಬಿಟ್ಟು, ಅದೇ ಅರ್ಥದ ಬೇರೊಂದು ಸುಲಭ ಶಬ್ದವನ್ನು ಥಟ್ಟನೆ ಹೇಳಿ ಮುಂದೆ ಹೋಗುತ್ತದೆ. ನಗು ಹುಟ್ಟುವುದು ತೊದಲಿನಿಂದಲ್ಲ, ಆ ಪಲಾಯನದಿಂದ. ಇದು ಗಂಟಲಿನ ಕಸರತ್ತಲ್ಲ, ಕಾಲಜ್ಞಾನ. ನಮ್ಮ ರಂಗಭೂಮಿಯವರು ‘ಟೈಮಿಂಗ್’ ಎನ್ನುತ್ತಾರಲ್ಲ, ಅದು.

ರೇಡಿಯೋದಲ್ಲಿ ಇದು ಮತ್ತೂ ಸ್ಪಷ್ಟ. ಜ್ಯಾಕ್ ಬೆನ್ನಿ ಎಂಬ ಹಾಸ್ಯಗಾರರ ಕಾರ್ಯಕ್ರಮದಲ್ಲಿ ಬ್ಲ್ಯಾಂಕ್‌ಗೆ ಮೊದಲು ಸಿಕ್ಕಿದ್ದು ಬೆನ್ನಿಯ ತಿಜೋರಿ ಕಾಯುವ ಹಿಮಕರಡಿಯ ಪಾತ್ರ. ತಿಂಗಳುಗಟ್ಟಲೆ ಗುರುಗುಟ್ಟಿದ ಮೇಲೆ ಒಂದು ದಿನ ‘ನನಗೆ ಮಾತೂ ಬರುತ್ತದೆ’ ಎಂದು ಬೆನ್ನಿಗೆ ಹೇಳಬೇಕಾಯಿತಂತೆ. ಬೆನ್ನಿಯ ಲಟಾರಿ ಮ್ಯಾಕ್ಸ್‌ವೆಲ್ ಕಾರಿನ ಸದ್ದಿನ ತಟ್ಟೆ ನೇರ ಪ್ರಸಾರದಲ್ಲಿ ಕೈಕೊಟ್ಟಾಗ, ಬ್ಲ್ಯಾಂಕ್ ಮೈಕಿಗೆ ಬಂದು ಕೆಮ್ಮುತ್ತಾ, ಸೀನುತ್ತಾ, ಉಸಿರುಗಟ್ಟುತ್ತಾ ಕಾರೇ ಆಗಿಬಿಟ್ಟರು ಎಂಬುದು ಪ್ರಸಿದ್ಧ ಕಥೆ. ಅಂದಿನಿಂದ ಆ ಕಾರು ಅವರದೇ ಪಾತ್ರವಾಯಿತು.

ಅದೇ ಕಾರ್ಯಕ್ರಮದ ರೈಲು ನಿಲ್ದಾಣದ ಘೋಷಕನನ್ನು ನೋಡಿ. ಐದನೇ ಹಳಿಯಿಂದ ಅನಹೈಮ್, ಅಜೂಸಾ ಮತ್ತು ಕೂಕಮಾಂಗಾಕ್ಕೆ ರೈಲು ಹೊರಡುತ್ತಿದೆ ಎಂದು ಕೂಗುವುದಷ್ಟೇ ಅವನ ಕೆಲಸ. ಮೂರೂ ದಕ್ಷಿಣ ಕ್ಯಾಲಿಫೋರ್ನಿಯಾದ ನಿಜವಾದ ಊರುಗಳು, ಹೆಸರುಗಳೇ ತಮಾಷೆಯವು. ಬ್ಲ್ಯಾಂಕ್ ಮೂರನೆಯ ಊರಿನ ಹೆಸರನ್ನು ಮುರಿದು ‘ಕೂಕ್’ ಎಂದು ನಿಲ್ಲಿಸುತ್ತಿದ್ದರು. ಸಭಿಕರು ಕಾಯುತ್ತಿದ್ದರು. ‘ಅಮಾಂಗಾ’ ಬರುವ ಹೊತ್ತಿಗೆ ನಗು ತಡೆಯಲಾಗುತ್ತಿರಲಿಲ್ಲ. ಈ ಜೋಕು ಮರುಕಳಿಸಿದಂತೆಲ್ಲ ನಡುವಿನ ಮೌನ ಉದ್ದವಾಗುತ್ತಾ ಹೋಯಿತು. ದನಿಯ ಕಲಾವಿದನೊಬ್ಬ ತನ್ನ ಅತ್ಯುತ್ತಮ ನಗುವನ್ನು ಬಾಯಿ ಮುಚ್ಚಿಕೊಂಡು ಗಳಿಸಿದ. ಇದನ್ನು ಯಾವ ಮಿಮಿಕ್ರಿಯ ಪಾಠವೂ ಕಲಿಸಲಾರದು. ಬೆನ್ನಿಯ ಜೊತೆಗಿನ ಇನ್ನೊಂದು ಪ್ರಸಿದ್ಧ ಪ್ರಹಸನದಲ್ಲಿ ಬ್ಲ್ಯಾಂಕ್ ಒಬ್ಬ ಮೆಕ್ಸಿಕನ್ ಪ್ರಯಾಣಿಕ. ಬೆನ್ನಿ ಏನೇ ಕೇಳಿದರೂ ‘ಸಿ’, ‘ಸೈ’, ‘ಸೂ’, ‘ಸೋ’ ಎಂಬ ಒಂದಕ್ಷರದ ಉತ್ತರ. ಇವತ್ತಿನ ಕಿವಿಗೆ ಆ ಪಾತ್ರದಲ್ಲಿ ಒಂದು ಜನಾಂಗದ ಅಣಕ ಕೇಳಿಸಿ ಮುಜುಗರವಾಗುತ್ತದೆ, ನನಗೂ ಆಗುತ್ತದೆ. ಆದರೆ ಮುಖದ ಮೇಲೆ ಯಾವ ಭಾವವೂ ಇಲ್ಲದೆ ಆ ನಾಲ್ಕು ಅಕ್ಷರಗಳಿಂದಲೇ ಎದುರಿನ ಬೆನ್ನಿಯನ್ನು ನಗಿಸಿ ನಗಿಸಿ ಸುಸ್ತು ಮಾಡಿದ್ದು ಮಾತ್ರ ಅಪ್ಪಟ ನಟನೆ.

ಕೊನೆಯದಾಗಿ ಒಂದು ದೃಶ್ಯ. ಚಕ್ ಜೋನ್ಸ್ ನಿರ್ದೇಶನದ 1951ರ ‘ರ‍್ಯಾಬಿಟ್ ಫೈರ್’ ಚಿತ್ರದಲ್ಲಿ ಬೇಟೆಗಾರನನ್ನು ಏಮಾರಿಸಲು ಮೊಲ ಬಾತಿನ ವೇಷ ಹಾಕುತ್ತದೆ, ಬಾತು ಮೊಲದ ವೇಷ ಹಾಕುತ್ತದೆ. ಮೊಲ ಬಾತಿನಂತೆ ತೊದಲಬೇಕು, ಆದರೆ ಒಳಗಿರುವುದು ಮೊಲವೇ ಎಂದು ನಮಗೆ ಗೊತ್ತಾಗಬೇಕು. ಬಾತು ಮೊಲದಂತೆ ಉಡಾಫೆಯಿಂದ ಮಾತನಾಡಬೇಕು, ಆದರೆ ಅದರ ಅಸೂಯೆ ಬುರಬುರನೆ ಹೊರಗೆ ಬರುತ್ತಿರಬೇಕು. ಅಲ್ಲಿ ಕೇಳುವ ನಾಲ್ಕೂ ದನಿಗಳು ಒಬ್ಬ ಮನುಷ್ಯನವು, ಮತ್ತು ನಾಲ್ಕೂ ಬೇರೆಬೇರೆ. ಕಣ್ಣು ಮುಚ್ಚಿಕೊಂಡು ಕೇಳಿ ನೋಡಿ. ನಿಮ್ಮ ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತು ಮಾತಿನಿಂದಲೇ ಕೃಷ್ಣನನ್ನೋ ಕೌರವನನ್ನೋ ಎದುರು ತಂದು ನಿಲ್ಲಿಸುವ ಅರ್ಥಧಾರಿಗೆ ಬ್ಲ್ಯಾಂಕ್ ಹತ್ತಿರದವರೇ ಹೊರತು ಮಿಮಿಕ್ರಿಯವರಿಗಲ್ಲ. ಅರ್ಥಧಾರಿ ತನ್ನ ಮಾತನ್ನು ಅಲ್ಲಿಯೇ ಹೆಣೆಯುತ್ತಾನೆ, ಬ್ಲ್ಯಾಂಕ್‌ಗೆ ಬೇರೆಯವರು ಬರೆದುಕೊಡುತ್ತಿದ್ದರು ಎಂಬ ವ್ಯತ್ಯಾಸವನ್ನು ಮರೆಯದಿದ್ದರೆ ಸಾಕು.

ಪ್ರಶ್ನೆ: ಬ್ಲ್ಯಾಂಕ್‌ಗೆ ಕ್ಯಾರೆಟ್ ಅಲರ್ಜಿ ಇತ್ತಂತೆ, ನಿಜವೇ? (ತುಮಕೂರಿನಿಂದ)

ಉತ್ತರ: ಸುಳ್ಳು, ಆದರೆ ಸುಳ್ಳು ಹುಟ್ಟಿದ ಬಗೆ ಚೆನ್ನಾಗಿದೆ. ಮೊಲದ ಮಾತಿನ ನಡುವೆ ಕೇಳುವ ಕಟುಂ ಕಟುಂ ಸದ್ದಿಗೆ ಅವರು ನಿಜವಾದ ಹಸಿ ಕ್ಯಾರೆಟ್ಟನ್ನೇ ಕಡಿಯುತ್ತಿದ್ದರು. ಸೇಬು, ಸೆಲರಿ ದಂಟು ಎಲ್ಲವನ್ನೂ ಪರೀಕ್ಷಿಸಿದರೂ ಯಾವುದರಲ್ಲಿಯೂ ಆ ಸದ್ದು ಬರಲಿಲ್ಲ. ಕಡಿದದ್ದನ್ನು ಅಗಿದು ನುಂಗುವವರೆಗೆ ಮುಂದಿನ ಮಾತು ಹೇಳಲಾಗದು. ಹಾಗಾಗಿ ಕಡಿದು, ಧ್ವನಿಮುದ್ರಣ ನಿಲ್ಲಿಸಿ, ಪಕ್ಕದ ಬುಟ್ಟಿಗೆ ಉಗುಳಿ ಮುಂದುವರಿಸುತ್ತಿದ್ದರು. ಉಗುಳಿದ್ದನ್ನು ಕಂಡವರು ಅಲರ್ಜಿ ಇರಬೇಕೆಂದು ಹೇಳಿದರು, ಕೇಳಿದವರು ಬರೆದರು.

ಪ್ರಶ್ನೆ: ನಾನು ಧಾರಾವಾಹಿಗಳಿಗೆ ಡಬ್ಬಿಂಗ್ ಮಾಡಲು ಕಲಿಯುತ್ತಿದ್ದೇನೆ. ಚಿತ್ರದ ತುಟಿಚಲನೆಗೆ ಮಾತು ಹೊಂದಿಸುವುದರಲ್ಲಿಯೇ ಹೈರಾಣಾಗುತ್ತೇನೆ. ಅವರು ಅಷ್ಟು ಪಾತ್ರಗಳಿಗೆ ಅದನ್ನು ಹೇಗೆ ಮಾಡುತ್ತಿದ್ದರು? (ಬೆಂಗಳೂರಿನಿಂದ)

ಉತ್ತರ: ಅವರು ಆ ಕಷ್ಟವನ್ನು ಬಹುತೇಕ ಪಡಲೇ ಇಲ್ಲ. ನಿಮ್ಮ ಕೆಲಸದಲ್ಲಿ ಚಿತ್ರ ಮೊದಲು, ದನಿ ಆಮೇಲೆ. ಹಾಲಿವುಡ್ ಕಾರ್ಟೂನಿನಲ್ಲಿ ಕಥೆಯ ರೇಖಾಚಿತ್ರಗಳು ಸಿದ್ಧವಾದ ಕೂಡಲೇ ದನಿಯನ್ನು ಮುದ್ರಿಸಿಕೊಂಡು, ಅದನ್ನು ಮತ್ತೆಮತ್ತೆ ಕೇಳುತ್ತಾ ಕಲಾವಿದರು ಪಾತ್ರದ ಬಾಯಿ, ಹುಬ್ಬು, ಕೈಗಳನ್ನು ಬರೆಯುತ್ತಿದ್ದರು. ಅಂದರೆ ನಿಮ್ಮಲ್ಲಿ ನಟ ಚಿತ್ರವನ್ನು ಹಿಂಬಾಲಿಸುತ್ತಾನೆ, ಅಲ್ಲಿ ಚಿತ್ರವೇ ನಟನನ್ನು ಹಿಂಬಾಲಿಸುತ್ತಿತ್ತು. ಬ್ಲ್ಯಾಂಕ್ ಮೈಕಿನ ಮುಂದೆ ನಿಂತಾಗ ಮುಖ, ಭುಜ, ಕೈ ಎಲ್ಲವೂ ಪಾತ್ರದಂತೆ ಬದಲಾಗುತ್ತಿದ್ದುದನ್ನು ದೂರದರ್ಶನದ ಹಳೆಯ ಸಂದರ್ಶನಗಳಲ್ಲಿ ಈಗಲೂ ನೋಡಬಹುದು. ಮೈ ಬದಲಾಗದೆ ದನಿ ಬದಲಾಗದು. ಇದೊಂದು ಮಾತ್ರ ಡಬ್ಬಿಂಗಿಗೂ ಅನ್ವಯಿಸುತ್ತದೆಂದು ಧೈರ್ಯವಾಗಿ ಹೇಳಬಲ್ಲೆ.

ಇನ್ನೊಂದು ಗುಟ್ಟು ತಾಂತ್ರಿಕವಾದದ್ದು. ಡ್ಯಾಫಿ, ಪೋರ್ಕಿ, ಟ್ವೀಟಿಯ ಮಾತುಗಳನ್ನು ಮುದ್ರಿಸಿದ ಮೇಲೆ ವೇಗವನ್ನು ಸ್ವಲ್ಪ ಹೆಚ್ಚಿಸಿ ಸ್ವರವನ್ನು ಏರಿಸುತ್ತಿದ್ದರು. ಡ್ಯಾಫಿಯ ವೇಗವನ್ನು ಇಳಿಸಿ ಕೇಳಿದರೆ ಅದು ಸಿಲ್ವೆಸ್ಟರ್ ಬೆಕ್ಕಿನ ಹತ್ತಿರದ ನೆಂಟನೆಂದು ತಿಳಿಯುತ್ತದೆ. ವೇಗ ಹೆಚ್ಚಿದಾಗ ಮಾತು ಕಲಸಿಹೋಗದಂತೆ ಮೊದಲೇ ಲೆಕ್ಕ ಹಾಕಿ ನಿಧಾನವಾಗಿ, ಬಿಡಿಸಿ ಹೇಳಬೇಕಾಗಿತ್ತು. ಕರ್ನಾಟಕದಲ್ಲಿ ದಶಕಗಳ ಕಾಲ ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ದನಿ ಕೂಡಿಸಿ ತೆರೆಗೆ ತರುವುದಕ್ಕೆ ಚಿತ್ರರಂಗದ ವಿರೋಧವಿತ್ತು. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ನಿಮ್ಮಂಥವರಿಗೆ ಬಾಗಿಲು ತೆರೆದಿದೆ. ಆ ವಿರೋಧಕ್ಕೆ ಅದರದೇ ಕಾರಣಗಳಿದ್ದವು, ಇಲ್ಲಿ ಅದರ ಚರ್ಚೆ ಬೇಡ.

ಪ್ರಶ್ನೆ: ಅಪಘಾತವಾಗಿ ಪ್ರಜ್ಞೆ ತಪ್ಪಿದ್ದ ಬ್ಲ್ಯಾಂಕ್, ವೈದ್ಯರು ‘ಬಗ್ಸ್ ಬನ್ನಿ’ ಎಂದು ಕರೆದಾಗ ಓಗೊಟ್ಟರೆಂದು ಓದಿದೆ. ನಂಬಬಹುದೇ? (ಶಿವಮೊಗ್ಗದಿಂದ)

ಉತ್ತರ: 1961ರ ಜನವರಿ 24ರ ರಾತ್ರಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡಿನ ಕುಖ್ಯಾತ ತಿರುವೊಂದರಲ್ಲಿ ಅವರ ಕಾರಿಗೆ ಎದುರಿನಿಂದ ಬಂದ ಕಾರು ಡಿಕ್ಕಿ ಹೊಡೆಯಿತು. ಕಾಲುಗಳು, ಸೊಂಟದ ಮೂಳೆ ಮುರಿದವು, ತಲೆಗೆ ಭಾರಿ ಪೆಟ್ಟಾಯಿತು. ಸುಮಾರು ಎರಡು ವಾರ ಪ್ರಜ್ಞೆ ಬರಲಿಲ್ಲ. ಮೆಲ್ ಎಂದು ಎಷ್ಟು ಕರೆದರೂ ಅಲ್ಲಾಡದವರು, ವೈದ್ಯರೊಬ್ಬರು ‘ಈ ದಿನ ಹೇಗಿದ್ದೀಯಾ ಬಗ್ಸ್ ಬನ್ನಿ?’ ಎಂದು ಕೇಳಿದಾಗ ಕ್ಷೀಣವಾಗಿ ಮೊಲದ ದನಿಯಲ್ಲಿ ಉತ್ತರಿಸಿದರು. ಬೇರೆ ಪಾತ್ರವನ್ನು ಕರೆದರೆ ಅದೂ ಮಾತನಾಡಿತು. ಬ್ಲ್ಯಾಂಕ್, ಅವರ ಮಗ ನೋಯೆಲ್, ಆ ವೈದ್ಯರು, ಎಲ್ಲರೂ ಇದನ್ನು ಹೇಳಿರುವುದರಿಂದ ಕಟ್ಟುಕಥೆ ಎನ್ನಲು ನನಗೆ ಕಾರಣ ಕಾಣುವುದಿಲ್ಲ. ಮೊಲ ಅವರ ಪ್ರಾಣ ಉಳಿಸಿತು ಎಂದು ಕೆಲವರು ಬರೆಯುತ್ತಾರಲ್ಲ, ಅದನ್ನು ಮಾತ್ರ ನಾನು ಬರೆಯಲಾರೆ. ಪ್ರಾಣ ಉಳಿಸಿದ್ದು ಆಸ್ಪತ್ರೆ. ಇಪ್ಪತ್ತು ವರ್ಷ ಸವೆಸಿದ ದಾರಿಯೊಂದು ಮಿದುಳಿನಲ್ಲಿ ಉಳಿದ ದಾರಿಗಳಿಗಿಂತ ಮೊದಲು ತೆರೆದುಕೊಂಡಿತು ಎಂದಷ್ಟೇ ಭಾವಿಸುತ್ತೇನೆ.

ನನಗೆ ಅದಕ್ಕಿಂತ ಅಚ್ಚರಿಯೆನಿಸುವುದು ಆಮೇಲಿನ ದಿನಗಳು. ಆಗ ‘ಫ್ಲಿಂಟ್‌ಸ್ಟೋನ್ಸ್’ ಮೊದಲ ವರ್ಷದಲ್ಲಿತ್ತು. ಕೆಲವು ಕಂತುಗಳಿಗೆ ಡಾಸ್ ಬಟ್ಲರ್ ಬಾರ್ನಿಯ ದನಿ ಕೊಟ್ಟು ನಿಭಾಯಿಸಿದರು. ಬಳಿಕ ತಂಡದವರು ಧ್ವನಿಮುದ್ರಣದ ಸಲಕರಣೆಯನ್ನು ಬ್ಲ್ಯಾಂಕ್ ಮನೆಗೇ ತಂದರು. ಮೈತುಂಬ ಪ್ಲಾಸ್ಟರಿನ ಕಟ್ಟು, ಹಾಸಿಗೆಯ ಮೇಲೆ ತೂಗುಬಿಟ್ಟ ಮೈಕು, ಸುತ್ತ ನಿಂತ ಸಹನಟರು. ಮೇಲೆ ಮೈಯಿಡೀ ಬದಲಾಗಬೇಕು ಎಂದೆನಲ್ಲ, ಆ ಕಂತುಗಳಲ್ಲಿ ಅವರಿಗೆ ಬದಲಾಯಿಸಲು ಮುಖವೊಂದೇ ಉಳಿದಿತ್ತು. ಬಾರ್ನಿಯ ನಗುವಿನಲ್ಲಿ ನೋವಿನ ಎಳೆಯನ್ನು ಹುಡುಕಿದೆ, ಸಿಗಲಿಲ್ಲ.

ಪ್ರಶ್ನೆ: ದನಿಯ ಮೇಲೆ ಕಲಾವಿದನಿಗೆ ಹಕ್ಕು ಉಂಟೇ? ಅವರ ಕಾಲದಲ್ಲಿ ಇಂಥ ತಕರಾರು ಬಂದಿತ್ತೇ? (ಕಲಬುರಗಿಯಿಂದ)

ಉತ್ತರ: ಬಂದಿತ್ತು, ಸ್ವತಃ ಅವರದೇ. 1940ರಲ್ಲಿ ವಾಲ್ಟರ್ ಲ್ಯಾಂಟ್ಜ್ ಅವರ ವುಡಿ ವುಡ್‌ಪೆಕರ್ ಎಂಬ ಮರಕುಟಿಗ ಹಕ್ಕಿಗೆ ಮೊದಲು ದನಿಯಾದವರು ಬ್ಲ್ಯಾಂಕ್. ಆ ಹಕ್ಕಿಯ ಕೇಕೆಯನ್ನು ಅವರು ಶಾಲೆಯ ಹುಡುಗನಾಗಿದ್ದಾಗ ಪೋರ್ಟ್‌ಲ್ಯಾಂಡಿನ ಲಿಂಕನ್ ಹೈಸ್ಕೂಲಿನ ಉದ್ದದ ಪಡಸಾಲೆಯಲ್ಲಿ ಪ್ರತಿಧ್ವನಿ ಕೇಳುವ ಆಸೆಗೆ ಹಾಕುತ್ತಿದ್ದರಂತೆ. ಕೆಲವೇ ಚಿತ್ರಗಳಾದ ಮೇಲೆ ಷ್ಲೆಸಿಂಗರ್ ಅವರೊಡನೆ ಕಾರ್ಟೂನು ಕೆಲಸವನ್ನು ಬೇರೆಲ್ಲೂ ಮಾಡಬಾರದೆಂಬ ಕರಾರು ಆಗಿ, ಹಕ್ಕಿಯನ್ನು ಬಿಡಬೇಕಾಯಿತು. ಕೇಕೆ ಮಾತ್ರ ಅಲ್ಲಿಯೇ ಉಳಿದು ಚಿತ್ರದಿಂದ ಚಿತ್ರಕ್ಕೆ ಬಳಕೆಯಾಯಿತು. 1948ರಲ್ಲಿ ಆ ನಗುವಿನ ಹಾಡೊಂದು ಅಮೆರಿಕದಲ್ಲೆಲ್ಲ ಜನಪ್ರಿಯವಾದಾಗ ಅವರು ನ್ಯಾಯಾಲಯಕ್ಕೆ ಹೋದರು. ನಗುವಿನ ಹಕ್ಕನ್ನು ನೋಂದಾಯಿಸಿರಲಿಲ್ಲವೆಂಬ ಕಾರಣಕ್ಕೆ ತೀರ್ಪು ಅವರ ವಿರುದ್ಧವಾಯಿತು, ಕೊನೆಗೆ ಲ್ಯಾಂಟ್ಜ್ ನ್ಯಾಯಾಲಯದ ಹೊರಗೆ ರಾಜಿ ಮಾಡಿಕೊಂಡರು. ಯಂತ್ರವೇ ಮನುಷ್ಯರ ದನಿಯನ್ನು ನಕಲು ಮಾಡುವ ಈ ದಿನಗಳಲ್ಲಿ ಆ ವ್ಯಾಜ್ಯವನ್ನು ವಕೀಲರು ಮತ್ತೊಮ್ಮೆ ತೆಗೆದು ಓದುತ್ತಿರಬಹುದು.

ಪ್ರಶ್ನೆ: ಕೊನೆಯ ವರ್ಷಗಳಲ್ಲಿ ದನಿ ಹಾಗೆಯೇ ಇತ್ತೇ? (ಮಡಿಕೇರಿಯಿಂದ)

ಉತ್ತರ: ಪೂರ್ತಿ ಇರಲಿಲ್ಲ. ಬಾಲ್ಯದಲ್ಲಿಯೇ ಅಂಟಿದ ಸಿಗರೇಟು ಎಪ್ಪತ್ತರ ಹರೆಯ ದಾಟುವವರೆಗೆ ಬಿಡಲಿಲ್ಲ. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಚಿತ್ರದಲ್ಲಿ ಬಗ್ಸ್, ಡ್ಯಾಫಿ, ಪೋರ್ಕಿ, ಟ್ವೀಟಿ, ಸಿಲ್ವೆಸ್ಟರ್ ಅವರವೇ. ಆದರೆ ಸದಾ ಅರಚುವ ಯೊಸೆಮಿಟಿ ಸ್ಯಾಮ್‌ನನ್ನು ಮಾತ್ರ ಜೋ ಅಲಾಸ್ಕಿಗೆ ಬಿಟ್ಟುಕೊಟ್ಟರು. ಗಂಟಲು ಹರಿಯುವಂತೆ ಕಿರುಚಬೇಕಾದ ಆ ಪಾತ್ರ ಅವರಿಗೆ ಹರೆಯದಲ್ಲಿಯೂ ಕಷ್ಟದ್ದೇ ಆಗಿತ್ತು. 1989ರ ಜುಲೈ 10ರಂದು, 81ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಪೋರ್ಕಿ ಅನೇಕ ಚಿತ್ರಗಳ ಕೊನೆಗೆ ತೊದಲುತ್ತಾ ಹೇಳುತ್ತಿದ್ದ ‘ಇಷ್ಟೇ ಕಣ್ರಪ್ಪಾ’ ಎಂಬರ್ಥದ ಮಾತನ್ನು ಅವರ ಇಚ್ಛೆಯಂತೆ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ಕಲ್ಲಿನ ಮೇಲೆ ತೊದಲು ಇಲ್ಲ.

ಪ್ರಶ್ನೆ: ಅವರು ಮಾಡಿದ ಅತಿ ಸಣ್ಣ ಪಾತ್ರ ಯಾವುದು? (ಪುತ್ತೂರಿನಿಂದ)

ಉತ್ತರ: ಡಿಸ್ನಿಯ 1940ರ ‘ಪಿನೋಕಿಯೊ’ ಚಿತ್ರದ ಗಿಡಿಯನ್ ಎಂಬ ಬೆಕ್ಕು. ಅದಕ್ಕೆಂದು ಬ್ಲ್ಯಾಂಕ್ ಹಲವು ದಿನ ಕೂತು ಸಂಭಾಷಣೆಯನ್ನೆಲ್ಲ ಮುದ್ರಿಸಿಕೊಟ್ಟರು. ಆಮೇಲೆ ಡಿಸ್ನಿಯವರಿಗೆ ಆ ಬೆಕ್ಕು ಮೂಕನಾಗಿದ್ದರೆ ಚೆನ್ನ ಎನಿಸಿತು. ಮಾತುಗಳನ್ನೆಲ್ಲ ತೆಗೆದುಹಾಕಿ ಒಂದು ಬಿಕ್ಕಳಿಕೆಯನ್ನು ಉಳಿಸಿಕೊಂಡರು. ಆ ಚಿತ್ರದಲ್ಲಿ ಮೆಲ್ ಬ್ಲ್ಯಾಂಕ್ ಎಂದರೆ ಆ ಬಿಕ್ಕಳಿಕೆ.